ಡೂಮ್‌ನ ಕಾಯುವಾಟ, ಕ್ವೇಕ್‌ವರ್ಲ್ಡ್‌ನ ಓಡಾಟ

ರಿಯಾಯಿತಿ ಇದ್ದಾಗ ರಾಕ್ಷಸರಿಗೆ ಗುಂಡು ಹೊಡೆಯುವ ಹಳೇ ಕಂಪ್ಯೂಟರ್ ಆಟಗಳಾದ ಡೂಮ್, ಕ್ವೇಕ್ ಎರಡನ್ನೂ ಒಟ್ಟಿಗೆ ಕೊಂಡೆ. ಕ್ವೇಕ್‌ಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಗಿದೆ. ಡೂಮ್ ಈಗ ಒಬ್ಬನೇ ಇದ್ದಾಗ ಮಾತ್ರ ತೆರೆಯುತ್ತೇನೆ.

ಗ್ರಾಫಿಕ್ಸ್, ಬಂದೂಕು, ಮ್ಯಾಪು ಎಲ್ಲ ನಿಮಗೆ ಗೊತ್ತಿರುವುದೇ. ನನಗೆ ಬೇಕಿದ್ದದ್ದು ಒಂದೇ: ಬೆಂಗಳೂರಿನ ಮನೆಯಲ್ಲಿ ಮಗಳು ಮತ್ತು ನಾನು, ಶಿರಸಿಯಲ್ಲಿ ಅಕ್ಕನ ಮಗ, ಮೂವರೂ ಕೂಡಿ ಆಡುವುದು. ಅವನದು ಮೊಬೈಲ್ ಹಾಟ್‌ಸ್ಪಾಟ್. ಡೂಮ್‌ಗೆ ಹಳೇ ನಡವಳಿಕೆಯನ್ನೇ ಉಳಿಸಿಕೊಂಡಿರುವ ಚಾಕೊಲೇಟ್ ಡೂಮ್ ಹಾಕಿಕೊಂಡೆವು, ಕ್ವೇಕ್‌ಗೆ ಇಝ್‌ಕ್ವೇಕ್. ಎರಡೂ ಹಳೇ ಆಟವನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶಗಳು.

ಡೂಮ್‌ನ ತಲೆನೋವು ಹೇಳಿಬಿಡುತ್ತೇನೆ. 1993ರ ಡಿಸೆಂಬರ್‌ನಲ್ಲಿ ಬಂದ ಈ ಆಟ ನೆಟ್‌ವರ್ಕ್ ಮೇಲೆ ಕಳಿಸುವುದು ನೀವು ಏನು ಒತ್ತಿದಿರಿ ಎನ್ನುವುದನ್ನು ಮಾತ್ರ. ಸೆಕೆಂಡಿಗೆ 35 ಸಲ ಎಲ್ಲರ ಒತ್ತುವಿಕೆಯೂ ಎಲ್ಲರಿಗೂ ಹೋಗುತ್ತದೆ. ಆಮೇಲೆ ಪ್ರತಿ ಕಂಪ್ಯೂಟರೂ ತನ್ನಷ್ಟಕ್ಕೆ ಪೂರ್ತಿ ಆಟವನ್ನು ಲೆಕ್ಕ ಹಾಕುತ್ತದೆ. ಎಲ್ಲರ ಲೆಕ್ಕವೂ ಒಂದೇ ಬರಲಿ ಅಂತ ದಾಳ ಉರುಳಿಸಿದ ಹಾಗೆ ಬೇಕಾಗುವ ಅದೃಷ್ಟದ ಅಂಕಿಗಳನ್ನೂ 256 ಸಂಖ್ಯೆಗಳ ಒಂದು ಖಾಯಂ ಪಟ್ಟಿಯಿಂದಲೇ ತೆಗೆಯುತ್ತದೆ. ರಾಕ್ಷಸರು ಹತ್ತಿರಲಿ, ನೂರಿರಲಿ, ಡೇಟಾ ಜಾಸ್ತಿಯಾಗುವುದಿಲ್ಲ. ಒಪ್ಪಬೇಕು, ಜಾಣ ಉಪಾಯ.

ಆದರೆ ಒಬ್ಬನ ಒತ್ತುವಿಕೆ ಬರದಿದ್ದರೆ? ಎಲ್ಲರೂ ನಿಲ್ಲಬೇಕು. ಪಂಕ್ತಿ ಊಟದ ಹಾಗೆ, ಕೊನೆಯವರು ಮುಗಿಸದೆ ಯಾರೂ ಏಳುವಂತಿಲ್ಲ. ಶಿರಸಿಯಲ್ಲಿ ಮಳೆ ಜೋರಾದರೆ ಸಾಕು, ಇಲ್ಲಿ ನಮ್ಮಿಬ್ಬರ ಪರದೆಯೂ ಕಲ್ಲಾಗುತ್ತಿತ್ತು. ನಾವಿಬ್ಬರೂ ಒಂದೇ ರೌಟರ್‌ನಲ್ಲಿದ್ದೇವೆ, ಆದರೂ ಕಾಯಬೇಕು! ಸ್ವಲ್ಪ ಓಡು, ನಿಲ್ಲು, ಮತ್ತೆ ಓಡು. ಮಗಳು ಮೌಸ್ ಬಿಟ್ಟು ಫೋನ್ ಹಿಡಿಯುತ್ತಿದ್ದಳು. ಅತ್ತ ಹುಡುಗ, "ಮಾಮಾ, ನಂದೇ ತಪ್ಪಾ?" ಅಂತ ಕೇಳುತ್ತಿದ್ದ. ಅವನದೇನು ತಪ್ಪು? ಡೂಮ್ ಮಾಡಿದ್ದೇ ಆಫೀಸಿನೊಳಗಿನ ಕೇಬಲ್ ಜಾಲದಂಥ (ಎಲ್‌ಎಎನ್) ಜಾಗಕ್ಕೆ, ಮಲೆನಾಡಿನ ಮಳೆಗಾಲಕ್ಕಲ್ಲ.

ಕ್ವೇಕ್ 1996ರ ಜೂನ್‌ನಲ್ಲಿ ಬಂತು. ಅದರಲ್ಲಿ ಸರ್ವರ್, ಅಂದರೆ ಆಟವನ್ನು ನಡೆಸುವ ಒಂದು ಕಂಪ್ಯೂಟರ್, ಹೇಳಿದ್ದೇ ಸತ್ಯ. ಒಬ್ಬನ ನೆಟ್ ಕೆಟ್ಟರೆ ಅವನಿಗೆ ಮಾತ್ರ ತೊಂದರೆ. ಆದರೆ ಮೊದಲ ಕ್ವೇಕ್‌ನಲ್ಲಿ ಆ ತೊಂದರೆಯೂ ಚಿಕ್ಕದಲ್ಲ. ನೀವು ಒತ್ತಿದ್ದು ಸರ್ವರ್‌ಗೆ ಹೋಗಿ ಉತ್ತರ ಬಂದ ಮೇಲೇ ನಿಮ್ಮ ಕಾಲು ಏಳುವುದು. ಫೋನ್ ಲೈನಿನ ನಿಧಾನದ ಡಯಲ್‌ಅಪ್ ಮೋಡೆಮ್‌ನಲ್ಲಿ ಆಡಿದವರ ತಾಳ್ಮೆಗೆ ಕೈ ಮುಗಿಯಬೇಕು.

ಅದೇ ವರ್ಷದ ಡಿಸೆಂಬರ್‌ನಲ್ಲಿ, ಇಂಟರ್ನೆಟ್‌ನಲ್ಲಿ ಆಡಲೆಂದೇ ಕ್ವೇಕನ್ನು ತಿದ್ದಿ ಮಾಡಿದ ಕ್ವೇಕ್‌ವರ್ಲ್ಡ್ ಬಂತು. ಇದಕ್ಕೇ ನನ್ನ ಓಟು. ಈ ಆಟಗಳ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಇದರಲ್ಲಿ ತಂದ ಉಪಾಯ ಸರಳ: ಆಟಗಾರನ ಕಂಪ್ಯೂಟರೇ ಉತ್ತರಕ್ಕೆ ಕಾಯದೆ ಊಹಿಸಿ ನಡೆಸುತ್ತದೆ, ತಪ್ಪಾದರೆ ಸರ್ವರ್ ತಿದ್ದುತ್ತದೆ. ಹುಡುಗನ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು) 200 ಮಿಲಿಸೆಕೆಂಡ್ ದಾಟಿದಾಗಲೂ ಅವನು ಸಲೀಸಾಗಿ ಓಡಾಡಿದ. ಅವನ ಗುಂಡು ಮಾತ್ರ ಕ್ಲಿಕ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಹಾರುತ್ತದೆ, ಎದುರಾಳಿಯ ಮುಂದಕ್ಕೆ ಗುರಿ ಇಡಬೇಕು. ಅದನ್ನವನು ಬೇಗ ಕಲಿತ. ಈಗ ನನ್ನನ್ನೇ ಸೋಲಿಸುತ್ತಾನೆ.

ಸುಮ್ನೆ ಕುತೂಹಲಕ್ಕೆ ಎಂಯುಡಿ ಎಂಬ, ಹಲವರು ಕೂಡಿ ಆಡುವ ಹಳೇ ಆಟವನ್ನೂ ನೋಡಿದೆ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ, ಆಮೇಲೆ ರಿಚರ್ಡ್ ಬಾರ್ಟಲ್ ಬೆಳೆಸಿದ ಆಟ. ಬರೀ ಅಕ್ಷರ. ನಿಧಿ ಹುಡುಕಿ ತಂದು ಜೌಗಿಗೆ ಎಸೆದರೆ ಅಂಕ! ಇದಕ್ಕೆ ಎಂಥ ಕೆಟ್ಟ ನೆಟ್ ಆದರೂ ಸಾಕು. ಆದರೆ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾ ಕೂರಲು ಮಕ್ಕಳು ಒಪ್ಪಲಿಲ್ಲ.

ನಾವು ಆಡುವುದು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ. ಬಾಡಿಗೆ ಸರ್ವರ್‌ಗೆ ದುಡ್ಡು ಹಾಕುವ ಮನಸ್ಸಿಲ್ಲ. ಕ್ವೇಕ್‌ವರ್ಲ್ಡ್ ಸರ್ವರ್ ನನ್ನ ಕೀಲು ಮುರಿದ ಹಳೇ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ರಾಕ್ಷಸರನ್ನು ಕೂಡಿ ಹೊಡೆಯಬೇಕು ಅನ್ನುವವರಿಗೆ ಇದು ಆಗಲ್ಲ, ಇದು ಒಬ್ಬರನ್ನೊಬ್ಬರು ಹೊಡೆಯಲೆಂದೇ ಮಾಡಿದ್ದು. ಅಂಥವರು ಎಲ್ಲರನ್ನೂ ಒಂದೇ ಮನೆಗೆ ಕರೆದು, ಕೇಬಲ್ ಎಳೆದು ಡೂಮ್ ಆಡಲಿ.