ಎಸ್‌ಎಂಬಿ ಯಂತ್ರ ಕೊಳ್ಳುವ ಮುನ್ನ ರೀಸೈಕಲ್ ಪಂಪ್‌ನ ಹೊಟ್ಟೆ ಅಳೆಯಿರಿ

ಮಿಶ್ರಣವನ್ನು ಪುಡಿ ತುಂಬಿದ ಕಾಲಮ್ ಮೂಲಕ ಹರಿಸಿ ಘಟಕಗಳನ್ನು ಬೇರ್ಪಡಿಸುವ ಕ್ರೊಮಟೋಗ್ರಫಿಯನ್ನು ಬ್ಯಾಚ್‌ನಿಂದ ನಿರಂತರಕ್ಕೆ, ಅಂದರೆ ಎಸ್‌ಎಂಬಿಗೆ (ಸಿಮ್ಯುಲೇಟೆಡ್ ಮೂವಿಂಗ್ ಬೆಡ್) ಬದಲಿಸುವ ಯೋಚನೆಯಲ್ಲಿದ್ದೀರಾ? ಹಾಗಾದರೆ ನಾವು ಐದು ವಾರ ಪಟ್ಟ ಪಾಡನ್ನು ಓದಿಕೊಂಡು ಮುಂದೆ ಹೋಗಿ.

ಎರಡು ಘಟಕಗಳ ಮಿಶ್ರಣ, 74 ಮಿ.ಲೀ.ನ ಎಂಟು ಕಾಲಮ್‌ಗಳು, ಉಂಗುರದ ಜೋಡಣೆ. ಎಸ್‌ಎಂಬಿಯಲ್ಲಿ ಕಾಲಮ್ ಒಳಗಿನ ಪುಡಿ ಕದಲುವುದಿಲ್ಲ. ಫೀಡ್ (ಬೇರ್ಪಡಿಸಬೇಕಾದ ಮಿಶ್ರಣ) ಮತ್ತು ದ್ರಾವಕ ಒಳಹೋಗುವ, ಎಕ್ಸ್‌ಟ್ರ್ಯಾಕ್ಟ್ ಮತ್ತು ರಾಫಿನೇಟ್ ಹೊರಬರುವ ಪೋರ್ಟ್‌ಗಳು ಒಂದೊಂದು ಕಾಲಮ್ ಮುಂದಕ್ಕೆ ಜಿಗಿಯುತ್ತವೆ. ಪುಡಿಗೆ ಗಟ್ಟಿಯಾಗಿ ಅಂಟುವುದು ಎಕ್ಸ್‌ಟ್ರ್ಯಾಕ್ಟ್‌ನಲ್ಲಿ, ಬೇಗ ಬಿಟ್ಟುಹೋಗುವುದು ರಾಫಿನೇಟ್‌ನಲ್ಲಿ. ನಮ್ಮ ಯಂತ್ರದಲ್ಲಿ 3 ನಿಮಿಷಕ್ಕೊಂದು ಜಿಗಿತ, 24 ನಿಮಿಷಕ್ಕೊಂದು ಪೂರ್ತಿ ಸುತ್ತು.

ಲೆಕ್ಕದ ಪ್ರಕಾರ ಎಕ್ಸ್‌ಟ್ರ್ಯಾಕ್ಟ್ ಶುದ್ಧತೆ 99 ಶೇಕಡಾ ದಾಟಬೇಕಿತ್ತು. ಎಕ್ಸ್‌ಟ್ರ್ಯಾಕ್ಟ್ ಸೇರುವ ಡ್ರಮ್‌ನಿಂದ ತೆಗೆದ ಮಾದರಿ ಮಾತ್ರ 97.5ರ ಆಸುಪಾಸಿನಲ್ಲೇ ಕೂತಿತ್ತು. ಫೀಡ್ ಇಳಿಸಿದೆವು, ದ್ರಾವಕ ಏರಿಸಿದೆವು. ಇಂಥ ಯಂತ್ರ ಸ್ಥಿರ ಸ್ಥಿತಿಗೆ ಬರಲು ಹತ್ತು-ಹದಿನೈದು ಸುತ್ತು ಬೇಕಾಗಬಹುದು, ಅಂದರೆ ನಮಗೆ ನಾಲ್ಕರಿಂದ ಆರು ಗಂಟೆ. ನಾವೋ ಎರಡು ಸುತ್ತಿಗೊಮ್ಮೆ ಏನಾದರೊಂದು ತಿರುಚುತ್ತಿದ್ದೆವು. ಫೀಡ್ ಅರ್ಧಕ್ಕೆ ಇಳಿದರೂ ದ್ರಾವಕದ ಹರಿವು ಇಳಿಯಲಿಲ್ಲ. ಉಳಿತಾಯಕ್ಕೆಂದು ತಂದ ಯಂತ್ರ ಹಳೆಯ ಒಂಟಿ ಕಾಲಮ್‌ಗಿಂತ ಹೆಚ್ಚು ದ್ರಾವಕ ಕುಡಿಯತೊಡಗಿತು.

ಮೂರನೇ ವಾರ, ಡ್ರಮ್ ಮಾದರಿ ಬಿಟ್ಟು ಪ್ರತಿ ಜಿಗಿತದ ಎಕ್ಸ್‌ಟ್ರ್ಯಾಕ್ಟನ್ನು ಬೇರೆ ಬೇರೆ ಸೀಸೆಗೆ ಹಿಡಿದೆವು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಏಳು ಸೀಸೆ 99ರ ಮೇಲೆ, ಒಂದೇ ಒಂದು 86. ಪ್ರತಿ ಸುತ್ತಿನಲ್ಲೂ ಅದೇ ಜಿಗಿತದಲ್ಲಿ. ಎಂಟನ್ನೂ ಒಟ್ಟಿಗೆ ಸುರಿದರೆ 97.5 ಬರದೆ ಇನ್ನೇನು ಬಂದೀತು!

ಸುತ್ತಿಗೊಮ್ಮೆ ಕಾಣುವ ದೋಷ ಎಂದಕೂಡಲೇ ಎಲ್ಲರ ಬೆರಳೂ ಕಾಲಮ್‌ನತ್ತ ಹೋಗುತ್ತದೆ. ನಾವೂ ಎಂಟನೇ ಕಾಲಮ್ ಸರಿಯಾಗಿ ಪ್ಯಾಕ್ ಆಗಿಲ್ಲ ಎಂದು ತೀರ್ಮಾನಿಸಿ, ಬಿಚ್ಚಿ, ಹೊಸದಾಗಿ ಪ್ಯಾಕ್ ಮಾಡಿದೆವು. 86 ಹಾಗೇ ಉಳಿಯಿತು. ಕೊನೆಗೆ ತಂಡದ ಕಿರಿಯಳೊಬ್ಬಳು, "ಸರ್, ಎಂಟನ್ನು ನಾಲ್ಕರ ಜಾಗಕ್ಕೆ ಹಾಕಿ ನೋಡೋಣವೇ?" ಎಂದಳು. ತಪ್ಪು ಕಾಲಮ್‌ನದಾದರೆ ದೋಷ 12 ನಿಮಿಷ ಸರಿಯಬೇಕು. ಒಂದು ನಿಮಿಷವೂ ಸರಿಯಲಿಲ್ಲ.

ಕಾಲಮ್‌ನಂತೆಯೇ ಸುತ್ತಿಗೊಮ್ಮೆ ಲೆಕ್ಕಕ್ಕೆ ಬರುವ ಇನ್ನೊಂದು ವಸ್ತು ಉಂಗುರದಲ್ಲಿತ್ತು: ಎಂಟನೇ ಮತ್ತು ಒಂದನೇ ಕಾಲಮ್‌ಗಳ ನಡುವೆ ಇದ್ದು ದ್ರವವನ್ನು ಉಂಗುರದಲ್ಲಿ ಸುತ್ತಿಸುವ ರೀಸೈಕಲ್ ಪಂಪ್. ಪೋರ್ಟ್‌ಗಳು ಜಿಗಿಯುತ್ತವೆ, ಪಂಪ್ ಇದ್ದಲ್ಲೇ ಇರುತ್ತದೆ. ಕಾಲಮ್‌ಗಳನ್ನು ತೆಗೆದು ಆ ಜಾಗಕ್ಕೆ ಬರೀ ಕನೆಕ್ಟರ್ ಹಾಕಿ, ಅಸಿಟೋನ್ ಪಲ್ಸ್ ಬಿಟ್ಟು ಯುವಿ ಡಿಟೆಕ್ಟರ್‌ನಲ್ಲಿ ಅಳೆದಾಗ ಪಂಪ್ ಮತ್ತು ಅದರ ಟ್ಯೂಬಿಂಗ್‌ನ ಡೆಡ್ ವಾಲ್ಯೂಮ್ (ಕಾಲಮ್ ಹೊರಗೆ ದ್ರವ ತುಂಬಿಕೊಳ್ಳುವ ಜಾಗ) 9 ಮಿ.ಲೀ. ಇತ್ತು! ನಿಮಿಷಕ್ಕೆ 30 ಮಿ.ಲೀ. ಹರಿವಿನಲ್ಲಿ ಅದು 18 ಸೆಕೆಂಡ್ ತಡ. 180 ಸೆಕೆಂಡಿನ ಜಿಗಿತದಲ್ಲಿ ಹತ್ತನೇ ಒಂದು ಭಾಗ. ಬೇಗ ಬಿಟ್ಟುಹೋಗಬೇಕಾದ ಘಟಕ ಅಷ್ಟು ಹಿಂದೆ ಬಿದ್ದು, ಪೋರ್ಟ್ ಮುಂದಕ್ಕೆ ಬಂದಾಗ ಎಕ್ಸ್‌ಟ್ರ್ಯಾಕ್ಟ್‌ಗೆ ಸಿಕ್ಕಿಬೀಳುತ್ತಿತ್ತು.

ಮಾರಿದವರು ಕೊಟ್ಟ ಹಾಳೆಯಲ್ಲಿ ಡೆಡ್ ವಾಲ್ಯೂಮ್ ಎಂಬ ಸಾಲೇನೋ ಇತ್ತು. ಅದರಲ್ಲಿ ವಾಲ್ವ್‌ಗಳ ಲೆಕ್ಕವಷ್ಟೇ, ಪಂಪ್‌ನದಿಲ್ಲ. ಕೇಳಿದರೆ "ಯಾರೂ ಕೇಳಿರಲಿಲ್ಲ" ಎಂದರು. ಕೇಳದ್ದು ನಮ್ಮ ತಪ್ಪೇ, ಒಪ್ಪಿಕೊಂಡೆ. ಆದರೆ ಇದು ಹೊಸ ವಿಷಯವೇನಲ್ಲ. ಬ್ರೌಟನ್ ಮತ್ತು ಗೆರ್‌ಹೋಲ್ಡ್ ಅವರಿಗೆ ಎಸ್‌ಎಂಬಿ ಪೇಟೆಂಟ್ ಸಿಕ್ಕಿದ್ದು 1961ರಲ್ಲಿ. ಪ್ಯಾರಾ-ಜೈಲೀನ್ ಬೇರ್ಪಡಿಸುವ ದೊಡ್ಡ ಘಟಕಗಳಲ್ಲಿ ಕೊಳವೆಯಲ್ಲಿ ಉಳಿದ ದ್ರವವನ್ನು ತೊಳೆದು ಕಳಿಸಲೆಂದೇ ಪ್ರತ್ಯೇಕ ಹರಿವು ಇಟ್ಟಿರುತ್ತಾರೆ.

ಈಗ ಪೋರ್ಟ್‌ಗಳು ಪಂಪ್ ದಾಟುವ ಜಿಗಿತವನ್ನು ಮಾತ್ರ ತಡ ಮಾಡುವಂತೆ ಪ್ರೋಗ್ರಾಂ ಬದಲಿಸಿದ್ದೇವೆ. ಹರಿವು ಬೇರೆಯಾದಂತೆ ಪ್ರತಿ ಪೋರ್ಟ್‌ಗೂ ತಡ ಬೇರೆ. ಎಂಟೂ ಸೀಸೆ 99 ದಾಟಿವೆ, ಫೀಡ್ ಮೊದಲಿನ ಮಟ್ಟಕ್ಕೆ ಬಂದಿದೆ.

ಯಂತ್ರ ನೋಡಲು ಹೋಗುವವರು ಯಾವ ಎರಡು ಕಾಲಮ್‌ಗಳ ನಡುವೆ ಎಷ್ಟು ಮಿ.ಲೀ. ಇದೆ ಎಂಬುದನ್ನು ಪಂಪ್ ಸೇರಿಸಿ ಲಿಖಿತವಾಗಿ ಪಡೆಯಿರಿ. ಅಸಿಟೋನ್ ಪಲ್ಸ್ ಪರೀಕ್ಷೆಯನ್ನು ನಿಮ್ಮ ಎದುರೇ ಮಾಡಿಸಿ, ಅರ್ಧ ದಿನವೂ ಹಿಡಿಯುವುದಿಲ್ಲ.