ದುಡ್ಡು ಕೊಟ್ಟು ಕ್ಲಾಸಿನ ಸೀಟು ಕೊಳ್ಳೋಕೆ ಹೋಗ್ಬೇಡಿ, ನಾನು ಹೋಗಿ ಕೈ ಸುಟ್ಕೊಂಡೆ

ಅಮೆರಿಕಕ್ಕೆ ಎಂ.ಎಸ್. ಮಾಡೋಕೆ ಹೊರಟಿರೋರು ದಯವಿಟ್ಟು ಇದನ್ನ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ, ಯಾಕಂದ್ರೆ ನನ್ನ ದುಡ್ಡು ನುಂಗಿದ ಆ ಮನುಷ್ಯ ಇನ್ನೂ ನಮ್ಮ ವಾಟ್ಸಾಪ್ ಗುಂಪಲ್ಲಿ ಗಾಳ ಹಾಕ್ಕೊಂಡು ಕೂತಿದ್ದಾನೆ.

ನಂದು ಟೆಕ್ಸಾಸ್‌ನ ಒಂದು ದೊಡ್ಡ ಯೂನಿವರ್ಸಿಟಿ, ಕಂಪ್ಯೂಟರ್ ಸೈನ್ಸ್. ಹಳಬರು ಏಪ್ರಿಲ್‌ನಲ್ಲೇ ಫಾಲ್ (ಆಗಸ್ಟ್‌ಗೆ ಶುರುವಾಗೋ ಸೆಮಿಸ್ಟರ್) ಕ್ಲಾಸುಗಳನ್ನೆಲ್ಲ ಬಾಚ್ಕೊಂಡಿರ್ತಾರೆ, ಹೊಸಬರಿಗೆ ಉಳಿದಿದ್ದು. ಅದರ ಮೇಲೆ ನನ್ನ ಅಕೌಂಟಿಗೆ ಲಸಿಕೆ ಹೋಲ್ಡ್ ಬೇರೆ, ಅಂದ್ರೆ ಲಸಿಕೆ ಕಾಗದ ಒಪ್ಪೋವರೆಗೂ ಕ್ಲಾಸಿಗೆ ಸೇರೋ ಹಾಗಿಲ್ಲ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಹಾಕಿಸಿದ ಕಾಗದದಲ್ಲಿ ಸೀಲ್ ಕಾಣ್ತಿಲ್ಲ ಅಂತ ವಾಪಸ್ ಕಳಿಸಿದ್ರು. ಹಾಸನದಲ್ಲಿ ತಮ್ಮ ಓಡಾಡಿ ಮತ್ತೆ ಸೀಲ್ ಹೊಡೆಸಿ ಕಳಿಸೋ ಹೊತ್ತಿಗೆ ಐದು ದಿನ. ಅಷ್ಟರಲ್ಲಿ ಮಷೀನ್ ಲರ್ನಿಂಗ್ (ಎಂಎಲ್) ಕೋರ್ಸು 60ಕ್ಕೆ 60 ಫುಲ್, ವೇಟ್‌ಲಿಸ್ಟಲ್ಲಿ ನಾನು 23ನೆಯವನು.

ಎಫ್-1 ಅಂದ್ರೆ ವಿದ್ಯಾರ್ಥಿ ವೀಸಾದವರ ಪಾಡು ಗೊತ್ತಲ್ಲ. ನಮ್ಮಲ್ಲಿ ಫುಲ್‌ಟೈಮ್ ಅಂದ್ರೆ 9 ಕ್ರೆಡಿಟ್, ಮೂರು ಕೋರ್ಸು. ಪೂರ್ತಿ ಆನ್‌ಲೈನ್ ಇರೋದು ಒಂದು ಮಾತ್ರ ಆ ಲೆಕ್ಕಕ್ಕೆ ಬರೋದು. ನನಗೆ ಸಿಕ್ಕಿದ್ದ ಎರಡರಲ್ಲಿ ಒಂದು ಆಗಲೇ ಆನ್‌ಲೈನ್. ಉಳಿದ ಆನ್‌ಲೈನ್ ಸೆಕ್ಷನ್‌ಗಳಲ್ಲಿ ಸೀಟು ಬೇಕಾದಷ್ಟು ಬಿದ್ದಿತ್ತು, ನನಗೆ ಯೂಸಿಲ್ಲ. 9 ತುಂಬಲಿಲ್ಲ ಅಂದ್ರೆ ಸೆವಿಸ್ ರೆಕಾರ್ಡ್ (ಅಮೆರಿಕ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಇಡೋ ದಾಖಲೆ) ಹೋಗುತ್ತೆ, ವಾಪಸ್ ವಿಮಾನ ಹತ್ತಬೇಕು ಅಂತ ತಲೇಲಿ ಅದೊಂದೇ. ಲೋನ್ ಮಾಡಿ ಬಂದವನಿಗೆ ನಿದ್ದೆ ಎಲ್ಲಿಂದ ಬರ್ಬೇಕು?

ಆಗ ಬಂದ ಈ ಸೀನಿಯರ್. ಕನ್ನಡದವನು, ಅದೇ ನನ್ನ ಕೆಡಿಸಿದ್ದು. "ಮಗಾ, ನನ್ ಹತ್ರ ಎಂಎಲ್ ಸೀಟಿದೆ, ಬಿಟ್ಕೊಡ್ತೀನಿ. 200 ಡಾಲರ್."

"ಅಣ್ಣ, ನೀವು ಬಿಟ್ರೆ ವೇಟ್‌ಲಿಸ್ಟಲ್ಲಿ ಇರೋರಿಗೆ ಹೋಗಲ್ವಾ?" ಅಂತ ಕೇಳಿದೆ. ಕೇಳಿದೆ ರೀ! ಅಷ್ಟು ಬುದ್ಧಿ ಇತ್ತು ನನಗೆ!

"ವೇಟ್‌ಲಿಸ್ಟಿನವರಿಗೆ ಸೀಟು ಹೋಗೋದು ಬೆಳಿಗ್ಗೆ ಆರಕ್ಕೆ ಮಗಾ. ರಾತ್ರಿ ಎರಡಕ್ಕೆ ನಾನು ಡ್ರಾಪ್ ಮಾಡ್ತೀನಿ, ನೀನು ತಕ್ಷಣ ಆಡ್ ಮಾಡು. ಹೋದ ಸಲ ನಾಲ್ಕು ಜನಕ್ಕೆ ಮಾಡ್ಕೊಟ್ಟಿದೀನಿ."

ಝೆಲ್‌ನಲ್ಲಿ (ಅಲ್ಲಿ ಬ್ಯಾಂಕಿಂದ ಬ್ಯಾಂಕಿಗೆ ತಕ್ಷಣ ದುಡ್ಡು ಕಳಿಸೋ ಆ್ಯಪ್) ಕಳಿಸಿದೆ. 200 ಡಾಲರ್, ನಮ್ಮ ದುಡ್ಡಲ್ಲಿ 17 ಸಾವಿರದ ಮೇಲೆ.

ಎರಡು ಗಂಟೆ. ರೂಮಲ್ಲಿ ಎಲ್ಲರೂ ಮಲಗಿದ್ರು, ನಾನು ಬಾತ್‌ರೂಮಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಕೂತಿದ್ದೆ. "ಡ್ರಾಪ್ಡ್. ಗೋ ಗೋ" ಅಂತ ಮೆಸೇಜ್ ಬಂತು. ಒತ್ತಿದೆ. ಕ್ಲಾಸ್ ಫುಲ್. ಮತ್ತೆ ಒತ್ತಿದೆ. ಫುಲ್. ಬಹುಶಃ ನಲವತ್ತು ಸಲ ಒತ್ತಿರಬೇಕು. ಕೊನೆಗೆ ವೇಟ್‌ಲಿಸ್ಟ್ ನೋಡಿದ್ರೆ ನನ್ನ ನಂಬರ್ 23 ಇದ್ದಿದ್ದು 22 ಆಗಿತ್ತು! ಅಂದ್ರೆ ಇವನು ಬಿಟ್ಟ ಸೀಟು ಆ ಕ್ಷಣಕ್ಕೇ ಮೊದಲನೆಯವನ ಪಾಲಾಯ್ತು. 200 ಡಾಲರ್ ಕೊಟ್ಟು ನಾನು ಒಂದು ಮೆಟ್ಟಿಲು ಹತ್ತಿದ್ದೆ. ಯಾರೋ ಮುಖ ನೋಡದವನಿಗೆ ಸೀಟು ಕೊಡಿಸಿದ ಪುಣ್ಯಾತ್ಮ ನಾನು.

ಫೋನ್ ಮಾಡಿದೆ, ಎತ್ತಲಿಲ್ಲ. ಮಧ್ಯಾಹ್ನ ಉತ್ತರ ಬಂತು: "ಡ್ರಾಪ್ ಮಾಡ್ತೀನಿ ಅಂದಿದ್ದೆ, ಮಾಡಿದೀನಿ. ನಿನ್ ನೆಟ್ ಸ್ಲೋ ಇದ್ರೆ ನಾನೇನ್ ಮಾಡ್ಲಿ?" ನೆಟ್ ಸ್ಲೋ ಅಂತೆ! ಅರ್ಧನಾದ್ರೂ ವಾಪಸ್ ಕೊಡಿ ಅಣ್ಣ ಅಂದೆ. ಛೆ, ಆಗಲೂ ಅಣ್ಣ ಅಂತಿದ್ದೆ. ಕಂಪ್ಲೇಂಟ್ ಕೊಡ್ತೀನಿ ಅಂದಾಗ ಬಂದಿದ್ದು ಇದು: "ಕೊಡು. ಮಾರಿದೋನು ನಾನಾದ್ರೆ ಕೊಂಡೋನು ನೀನು. ಇಬ್ಬರೂ ಹೋಗೋಣ."

ಅಲ್ಲಿಗೆ ನನ್ನ ಬಾಯಿ ಬಂದ್.

ಮಾರನೇ ದಿನ ಡಿಪಾರ್ಟ್‌ಮೆಂಟ್ ಕಾರಿಡಾರಲ್ಲಿ ಕ್ಯೂ ನಿಂತಿದ್ದೆ. ಪಕ್ಕದಲ್ಲಿದ್ದ ಪುಣೆ ಹುಡುಗ ತನ್ನ ಕತೆ ಶುರು ಮಾಡಿದ. ಅದೇ ಕೋರ್ಸು, ಅದೇ ರಾತ್ರಿ ಎರಡು ಗಂಟೆ, ಅದೇ 200 ಡಾಲರ್. ಅವನಿಗೂ "ಗೋ ಗೋ". ಒಂದೇ ಸೀಟನ್ನ ಇಬ್ಬರಿಗೆ ಮಾರಿದ್ದಾನೆ, ಇನ್ನೆಷ್ಟು ಜನವೋ. ಇಂಟರ್ನ್‌ಶಿಪ್ ಸಿಕ್ಕಿ ಹೇಗೂ ಬಿಡೋ ಕೋರ್ಸಾಗಿತ್ತಂತೆ ಆ ಸೀನಿಯರ್‌ಗೆ ಅದು. ಅಂದ್ರೆ ಅವನು ಕಳ್ಕೊಂಡಿದ್ದು ಏನೂ ಇಲ್ಲ.

ಹೊಟ್ಟೆ ಉರಿದಿದ್ದು ಆಮೇಲೆ. ಕೋರ್ಸ್ ವಿಷಯ ನೋಡ್ಕೊಳ್ಳೋ ಅಡ್ವೈಸರ್ ಒಳಗೆ ಕರೆದು, ವೀಸಾ ವಿಷಯ ಕೇಳಿ, ಹೊಸಬರಿಗೆ ಅಂತ ಕಾದಿಟ್ಟಿದ್ದ ಒಂದು ಸೀಟಿಗೆ ಪರ್ಮಿಟ್ (ಸೇರೋಕೆ ಅನುಮತಿ) ಹಾಕಿದ್ರು. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್, ಕ್ಲಾಸ್‌ರೂಮಲ್ಲೇ ನಡೆಯೋದು. ಹತ್ತು ನಿಮಿಷ. ಒಂದು ಪೈಸೆ ಇಲ್ಲ. "ಮೊದಲೇ ಯಾಕೆ ಬರಲಿಲ್ಲ?" ಅಂತ ಕೇಳಿದ್ರು, ನಾನು ನೆಲ ನೋಡ್ತಾ ನಿಂತೆ.

ಅದಕ್ಕೇ ಹೇಳ್ತಿರೋದು, ಲಸಿಕೆ ಕಾಗದ ಊರಲ್ಲಿರುವಾಗಲೇ ಸರಿಯಾಗಿ ಸೀಲ್ ಹಾಕಿಸಿ ಅಪ್‌ಲೋಡ್ ಮಾಡಿ. ಸೀಟಿಲ್ಲ ಅಂದ್ರೆ ಮೊದಲು ಅಡ್ವೈಸರ್ ಬಾಗಿಲು ತಟ್ಟಿ. "ನಮ್ಮೋನು" ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಝೆಲ್ ಮಾಡ್ಬೇಡಿ, ಹೋದ ದುಡ್ಡು ಬರಲ್ಲ. ಬ್ಯಾಂಕಿಗೆ ಫೋನ್ ಮಾಡಿದ್ರೆ "ನೀವೇ ಕಳಿಸಿದ್ದಲ್ವಾ ಸರ್" ಅಂದ್ರು.

ಆ 200 ಡಾಲರ್ ಪುಸ್ತಕಕ್ಕೆ ಆಯ್ತು ಅಂತ ಅಪ್ಪನಿಗೆ ಹೇಳಿದೀನಿ. ಯಾವ ಪುಸ್ತಕ ಅಂತ ಅವರು ಇನ್ನೂ ಕೇಳಿಲ್ಲ.