ಪದ್ಮಿನಿಯೋ ಮಾರುತಿಯೋ: ಗದಗ ರಸ್ತೆಯಲ್ಲಿ ಓಡಿಸಿ ನೋಡಿದ್ದು

ತಂದೆಯವರ ಕಾಲದಿಂದ ಇರುವ 1984ರ ಪ್ರೀಮಿಯರ್ ಪದ್ಮಿನಿ ಮತ್ತು ನಾನು ಸೆಕೆಂಡ್ ಹ್ಯಾಂಡ್ ಕೊಂಡ 1997ರ ಮಾರುತಿ 800, ಇವೆರಡರಲ್ಲಿ ಒಂದಕ್ಕೆ ಮಾತ್ರ ನಮ್ಮ ಅಂಗಳದಲ್ಲಿ ಜಾಗವಿರುವುದರಿಂದ, ಏಪ್ರಿಲ್ ತಿಂಗಳಲ್ಲಿ ಎರಡನ್ನೂ ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಗದಗದವರೆಗೆ ಓಡಿಸಿ ನೋಡಿದೆ. ನೋಂದಣಿಯ ಲೆಕ್ಕದಲ್ಲಿ ಇವುಗಳ ನಡುವೆ ಹದಿಮೂರು ವರ್ಷಗಳ ಅಂತರವಿದ್ದರೂ, ಪದ್ಮಿನಿಯು ಇಟಲಿಯ ಹಳೆಯ ಫಿಯಟ್ 1100ರ ವಂಶದ್ದಾದುದರಿಂದ ವಿನ್ಯಾಸದಲ್ಲಿ ಒಂದಿಡೀ ತಲೆಮಾರಿನಷ್ಟು ಹಿಂದಿನದು.

ಪದ್ಮಿನಿಯದು ನಾಲ್ಕು ಸಿಲಿಂಡರಿನ 1089 ಸಿಸಿ ಎಂಜಿನ್. ಹಿಂದಿನ ಗಾಲಿಗಳು ಗಾಡಿಯನ್ನು ತಳ್ಳುತ್ತವೆ, ಗೇರಿನ ಹಿಡಿಕೆ ಸ್ಟೇರಿಂಗಿನ ಕಂಬಕ್ಕೇ ಇದೆ. ಚೆನ್ನಮ್ಮ ವೃತ್ತದ ದಟ್ಟಣೆಯಲ್ಲಿ ಎರಡನೇ ಗೇರು ಹುಡುಕುವುದು ಕೈಗೆ ರೂಢಿಯಾಗಿರಬೇಕಾದ ಕೆಲಸ. ಬಿಸಿಲು ಏರಿದ ಮೇಲೆ ಅಣ್ಣಿಗೇರಿ ದಾಟುತ್ತಿದ್ದಂತೆ ಗಾಡಿ ಕೆಮ್ಮಿ ನಿಂತಿತು. ಎಂಜಿನಿನ ಕಾವಿಗೆ ಪೆಟ್ರೋಲು ಪಂಪಿನಲ್ಲಿಯೇ ಆವಿಯಾದರೆ ಪಂಪು ಅದನ್ನು ಎಳೆಯಲಾರದು. ದಾರಿಯಲ್ಲಿದ್ದ ಮಿಸ್ತ್ರಿಯೊಬ್ಬರು ಬಾನೆಟ್ಟಿನೊಳಗೆ ಒಂದೇ ನೋಟ ಹಾಕಿ, "ಪಂಪು ಕಾದೈತ್ರಿ, ಒದ್ದಿ ಅರಿವಿ ಸುತ್ತ್ರಿ" ಎಂದರು. ಹತ್ತು ನಿಮಿಷ ಕಾದು, ಸುತ್ತಿದ ಅರಿವೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಮುಂದೆ ಹೊರಟೆ.

ಮೂರು ಸಿಲಿಂಡರಿನ, 796 ಸಿಸಿಯ ಮಾರುತಿಗೆ ಇಂಥ ಉಪಚಾರ ಬೇಕಾಗಲಿಲ್ಲ. ನಿಂತಲ್ಲಿ ಸಣ್ಣಗೆ ನಡುಗುತ್ತದೆ, ಅಷ್ಟೇ. ಮುಂದಿನ ಡಿಸ್ಕ್ ಬ್ರೇಕುಗಳು ಮೆಟ್ಟಿದ ಕೂಡಲೇ ಹಿಡಿಯುತ್ತವೆ. ಪದ್ಮಿನಿಯ ಡ್ರಮ್ ಬ್ರೇಕುಗಳನ್ನಾದರೋ ತೊಡೆಯ ಬಲದಿಂದ ಒತ್ತಬೇಕು. ನನ್ನ ಅಳತೆಯಲ್ಲಿ ಮಾರುತಿ ಲೀಟರಿಗೆ 17 ಕಿಲೋಮೀಟರು ಓಡಿದರೆ ಪದ್ಮಿನಿ 11ಕ್ಕೆ ನಿಂತಿತು.

ಆದರೆ ಎರೆಹೊಲದ ನಡುವಿನ ಕಚ್ಚಾ ದಾರಿಗಿಳಿದಾಗ ಮಾತು ತಿರುಗಿತು. ಹನ್ನೆರಡು ಇಂಚಿನ ಸಣ್ಣ ಗಾಲಿಗಳ ಮಾರುತಿ ಪ್ರತಿ ಕುಣಿಯನ್ನೂ ಬೆನ್ನುಮೂಳೆಗೆ ಮುಟ್ಟಿಸಿತು. ಪದ್ಮಿನಿ ಮಾತ್ರ ಐವರನ್ನು ಹೊತ್ತರೂ ಹಿಂದಿನ ಲೀಫ್ ಸ್ಪ್ರಿಂಗಿನ ಮೇಲೆ ಮೆಲ್ಲಗೆ ತೂಗಿ ಸಾಗಿತು. ಮಂಡಿನೋವಿರುವ ಅವ್ವ ಪದ್ಮಿನಿಯಲ್ಲಿ ಕುರ್ಚಿಯ ಮೇಲೆ ಕೂತಂತೆ ಕೂಡುತ್ತಾಳೆ. ಮಾರುತಿಯೊಳಗೆ ಕೂಡಬೇಕಾದರೆ ಬಾಗಿಲು ಹಿಡಿದು ಕುಸಿಯಬೇಕು. ಈ ಒಂದು ಗುಣಕ್ಕೆ ಮೈಲೇಜಿನ ಲೆಕ್ಕವನ್ನೆಲ್ಲ ಬಿಟ್ಟುಕೊಡಲು ನಾನು ಸಿದ್ಧನಿದ್ದೆ.

ಆದರೂ ಮಗಳು ಮಾರುತಿಯನ್ನು ಮೊದಲ ದಿನವೇ ಓಡಿಸಿದಳು. ಪದ್ಮಿನಿಯ ಎರಡನೇ ಗೇರು ಅವಳಿಗೆ ಇನ್ನೂ ಸಿಕ್ಕಿಲ್ಲ. ಹೀಗಾಗಿ ಮಾರುತಿಯನ್ನು ಉಳಿಸಿಕೊಂಡು, ಪದ್ಮಿನಿಯನ್ನು ಅಣ್ಣಿಗೇರಿಯ ತಮ್ಮನಿಗೆ ಒಪ್ಪಿಸಿದ್ದೇನೆ, ಆ ಅರಿವೆಯ ಸಮೇತ.